ಏಳು ಬಂದವನ ಹುಂಜ

‘ಭಾಗಿಸಿದ್ದುಣ್ಣೋ ಮಹರಾಯ’ ಎಂಬ ಗಾದೆ ಅನುಗೊಂಡನಹಳ್ಳಿಯಲ್ಲಿ ಹುಟ್ಟಿದ್ದು ಹೀಗೆ. ಕಟ್ಟುಕತೆಯಲ್ಲ, ಹುಂಜದಾಣೆಗೂ ನಿಜ.

ಲಿಂಫೋಮಾ ಎಂಬ ಕ್ಯಾನ್ಸರಿಗೆ ಬೈರಣ್ಣನ ಚಿಕಿತ್ಸೆ ಮುಗಿದು ಆರು ತಿಂಗಳಾಗಿತ್ತು. ರಕ್ತದ ಬಿಳಿಕಣಗಳಲ್ಲಿ ನ್ಯೂಟ್ರೋಫಿಲ್ಲನ್ನು ಲಿಂಫೋಸೈಟಿನಿಂದ ಭಾಗಿಸಿ, ಬಂದ ಸಂಖ್ಯೆ ಕಡಿಮೆಯಿದ್ದರೆ ಒಳ್ಳೆಯ ಸೂಚನೆ ಎಂದು ಡಾಕ್ಟರು ಮಾತಿಗೆ ಅಂದಿದ್ದರು. ‘ಅದೊಂದನ್ನೇ ನಂಬಬೇಡಿ’ ಎಂದದ್ದು ಬೈರಣ್ಣನ ಕಿವಿಗೆ ಬೀಳಲಿಲ್ಲ. ಅಂದಿನಿಂದ ಊರಲ್ಲಿ ಯಾರು ರಕ್ತ ಪರೀಕ್ಷೆ ಮಾಡಿಸಿದರೂ ಚೀಟಿ ಈಸಿಕೊಂಡು, ಮೊಬೈಲಿನಲ್ಲಿ ಭಾಗಿಸಿ, ಆಯಸ್ಸು ಹೇಳತೊಡಗಿದ. ತನ್ನ ಹೊಸ ರಿಪೋರ್ಟು ಮಾತ್ರ ಎರಡು ದಿನದಿಂದ ಒಡೆಯದ ಲಕೋಟೆಯಲ್ಲೇ ಟೀವಿಯ ಹಿಂದೆ ಅಡಗಿತ್ತು. ಅದು ಚೆನ್ನಾಗಿ ಬಂದ ದಿನ ಕುಯ್ಯಲೆಂದು ಸಾಕಿದ್ದ ಕೆಂಪು ಹುಂಜ ಅಂಗಳದಲ್ಲಿ ಕೊಬ್ಬುತ್ತಿತ್ತು.

ಭಾನುವಾರ ಹೊಸಕೋಟೆಯಿಂದ ಗೆಳೆಯ ಮುನಾವರ್ ಪಾಷಾ ಬಂದ. ಪ್ರತಿ ಕೀಮೋಗೂ ಬೈರಣ್ಣನ ಜೊತೆ ಹೋಗಿ ಕೂತವನು, ಯಾರ ದನಿಯನ್ನಾದರೂ ಅಣಕಿಸಬಲ್ಲವನು. ಹೆಸರಿನ ಕಡೆ ಮಡಚಿದ್ದ ಚೀಟಿಯೊಂದನ್ನು ಚಾಚಿದ.

“ನಮ್ ಬೀದಿಯೋರ್ದು. ಸ್ವಲ್ಪ ನೋಡು ಗುರು.”

ಎಂಬತ್ನಾಲ್ಕು, ಹನ್ನೆರಡು. ಭಾಗಿಸಿದರೆ ಏಳು! ಬೈರಣ್ಣನ ಮುಖ ಇಳಿದುಹೋಯಿತು.

“ಅಯ್ಯೋ, ಕಷ್ಟ ಕಣೋ. ಮಕ್ಳು ಮರಿ ಐತಾ?”

“ಇಬ್ರು. ನಾಟಿ ಕೋಳಿ ಅಂದ್ರೆ ಪ್ರಾಣ, ಪಾಪ.”

ಬೈರಣ್ಣ ಕಣ್ಣೊರೆಸಿಕೊಂಡ. “ಲೇ ಆದಿ, ಆ ಹುಂಜ ಹಿಡ್ಕೊಡು. ನನ್ ರಿಪೋರ್ಟು ಹೆಂಗಾದ್ರೂ ಇರ್ಲಿ, ಆ ಜೀವ ಆಸೆಪಟ್ಟು ತಿನ್ಲಿ.”

ಹೆಂಡತಿ ಆದಿಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಹುಂಜ ತಂದುಕೊಟ್ಟಳು. ಪಾಷಾ ಅದನ್ನು ಕಂಕುಳಿಗೆ ಸಿಕ್ಕಿಸಿ, ಚೀಟಿಯ ಮಡಿಕೆ ಬಿಡಿಸಿದ. ‘ಮುನಾವರ್ ಪಾಷಾ, ವಯಸ್ಸು ಐವತ್ತೆರಡು.’ ಆಮೇಲೆ ಬಾಯಿ ಅಗಲಿಸಿ ದವಡೆಯ ಖಾಲಿ ಜಾಗ ತೋರಿಸಿದ.

“ಹಲ್ಲು ಕೀವಾಗಿತ್ತು ಲೇ! ಮೊನ್ನೆ ಕೀಳಿಸ್ದೆ!” ಎಂದವನೇ ಕನ್ನಡಕ ಮೂಗಿನ ತುದಿಗಿಳಿಸಿ, ಥೇಟ್ ಡಾಕ್ಟರ ಮೂಗುದನಿಯಲ್ಲಿ ಅಂದ: “ಬೈರಣ್ಣನವರೇ, ಸೋಂಕಿದ್ರೂ ಈ ಸಂಖ್ಯೆ ಏರತ್ತೆ. ಅದು ಲೆಕ್ಕ, ಜಾತಕ ಅಲ್ಲ. ಲಕೋಟೆ ತಗೊಂಡ್ ಬನ್ನಿ, ಎಲ್ಲಾ ಸೇರಿಸಿ ನಾನ್ ನೋಡ್ತೀನಿ!”

ಅಷ್ಟರಲ್ಲಿ ಆದಿಲಕ್ಷ್ಮಮ್ಮ ಲಕೋಟೆ ಹರಿದಾಗಿತ್ತು. “ಐವತ್ತೆಂಟು, ಇಪ್ಪತ್ತೊಂಬತ್ತು.”

ಮೊಬೈಲಿಗೆ ಹೋದ ಬೈರಣ್ಣನ ಕೈ ಅರ್ಧದಲ್ಲೇ ನಿಂತಿತು. ಎರಡು! ಇದಕ್ಕೆ ಮೊಬೈಲು ಬೇಕೇ?

“ಹುಂಜ ನಾನೇ ಹಲಾಲ್ ಮಾಡ್ತೀನಿ,” ಎಂದ ಪಾಷಾ, “ಸಾರು ಅತ್ತಿಗೆ ಕೈದೇ ಆಗ್ಬೇಕು.”

ಕಂಕುಳಲ್ಲಿದ್ದ ಹುಂಜ ಒಮ್ಮೆಲೇ ‘ಕೊಕ್ಕೊಕ್ಕೋ’ ಎಂದಿತು.

“ನೋಡೇ ಆದಿ, ನಾನ್ ಲೆಕ್ಕ ಹಾಕಿ ಸಾಯಿಸಿದ್ ಹೆಣ ಸಾರು ಕೇಳ್ತೈತೆ!” ಎಂದ ಬೈರಣ್ಣ ತೊಡೆ ತಟ್ಟಿಕೊಂಡು ನಕ್ಕ. ಪಾಷಾನೂ ನಕ್ಕ, ಆದಿಲಕ್ಷ್ಮಮ್ಮನೂ ನಕ್ಕಳು. ಆದರೆ ಮೂರನೇ ಮನೆಯವರು ಬಾಗಿಲಿಗೆ ಬಂದು ಇಣುಕಿದ್ದು ಬೈರಣ್ಣನ ನಗು ಕೇಳಿ.