ಈಲಾ ರಾಣಿಯ ಗಿಣ್ಣು

1.
ಎಲ್ಲಿಂದ ಶುರು ಮಾಡುವುದು? ಹಸು ಕರು ಹಾಕಿದಲ್ಲಿಂದಲೋ, ಟೀವಿಯಲ್ಲಿ ರಾಣಿ ತಂಗಿಯನ್ನು ಕೊಂದಲ್ಲಿಂದಲೋ? ತೆರಕಣಾಂಬಿಯಲ್ಲಿ ಎರಡೂ ಒಂದೇ ಭಾನುವಾರ ಆದವು. ಕಥೆಗಾರನಿಗೆ ಇಷ್ಟೊಂದು ಅನುಕೂಲವಾದರೆ ಓದುಗರು ನಂಬುವುದಿಲ್ಲ. ನಂಬಬೇಡಿ, ಮುಂದೆ ಓದಿ.

1 (ಮತ್ತೆ).
ಮೊದಲ ಡ್ರಾಫ್ಟು 'ಮಂಜು ಮುಸುಕಿದ ಬೆಟ್ಟದ ತಪ್ಪಲಲ್ಲಿ' ಎಂದು ಆರಂಭವಾಗಿತ್ತು. ಹರಿದು ಹಾಕಿದೆ. ಬೆಟ್ಟಕ್ಕೂ ಈ ಕಥೆಗೂ ಏನೂ ಸಂಬಂಧವಿಲ್ಲ. ಕಥೆ ಇರುವುದು ನಮ್ಮ ಬೀದಿಯ ಇಬ್ಬರು ವಾರಗಿತ್ತಿಯರದು. ಹಿರಿಯಳು ಗಂಗಾಂಬಿಕೆ, ಕಿರಿಯಳು ನಾಗಲಕ್ಷ್ಮಿ. ಎದುರುಬದುರು ಮನೆ. ಯಾವುದೋ ದೇಶದ ಕಾದಂಬರಿಗಳಿಂದ ಮಾಡಿ, ಕನ್ನಡಕ್ಕೆ ಡಬ್ ಮಾಡಿದ ಮಾಯಾಲೋಕದ ಸೀರಿಯಲ್ಲನ್ನು ವಾರವಾರ ಒಂದೇ ಚಾಪೆಯ ಮೇಲೆ ಕೂತು ನೋಡಿದವರು. ಅದರಲ್ಲಿ ಅಕ್ಕ ತಂಗಿ ಇಬ್ಬರೂ ರಾಣಿಯರು. ಅಕ್ಕ ಈಲಾ ರೆಕ್ಕೆಯಿರುವ ಆನೆಯ ಮೇಲೆ ಹಾರುತ್ತಾಳೆ.

(ಕಾಡಂಚಿನ ಹಂಗಳದಿಂದ ಬಂದಿದ್ದ ನಮ್ಮ ಬೀಗರು ಮರಿಮಲ್ಲಪ್ಪನವರ ವಿಮರ್ಶೆ: "ಇರೋ ಆನೆಗೇ ಬೇಲಿ ಸಾಲ್ದು, ರೆಕ್ಕೆ ಬೇರೆ ಕೊಟ್ಟವ್ನಲ್ಲ! ಬರೆದೋನು ಒಂದಿನನಾರ ಹೊಲ ಕಾದವ್ನಾ?" ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ.)

2.
ಮೊದಲ ಸೀಸನ್ನಿನಲ್ಲೇ ಗಂಗಾಂಬಿಕೆ ತನ್ನ ಕಡಸಿಗೆ ಈಲಾ ಎಂದು ಹೆಸರಿಟ್ಟಿದ್ದಳು. ಕೊನೆಯ ಕಂತಿನಲ್ಲಿ ಟೀವಿಯ ಈಲಾ ಆನೆ ನುಗ್ಗಿಸಿ ತಂಗಿಯನ್ನೂ ಅವಳ ಪಟ್ಟಣವನ್ನೂ ತುಳಿಸಿದಳು. ಅದೇ ದಿನ ಬೆಳಿಗ್ಗೆ ಕೊಟ್ಟಿಗೆಯ ಈಲಾ ಹೆಣ್ಣುಗರು ಹಾಕಿತ್ತು. ಮಾರನೆಯ ದಿನ ಗಿಣ್ಣು ಬೇಯಿಸಿ ಬೀದಿಗೆಲ್ಲ ಹಂಚಿದರು. ಎದುರುಮನೆಗೆ ಹೋದ ಪಾತ್ರೆ ಮಾತ್ರ ಹೋದ ಹಾಗೆಯೇ ವಾಪಸ್ ಬಂತು.

"ತಂಗೀನ ತುಳ್ದೋಳ ಗಿಣ್ಣ ನಾ ತಿನ್ನಕಿಲ್ಲ ಕಣಕ್ಕ," ಎಂದು ನಾಗಲಕ್ಷ್ಮಿ ಬಾಗಿಲು ಹಾಕಿಕೊಂಡಳು.

ನಗಬೇಡಿ. ಗಿಣ್ಣು ಬಂದ ಪಾತ್ರೆಯನ್ನು ತೊಳೆಯದೆ, ಚೂರು ಸಕ್ಕರೆ ಹಾಕಿ ಹಿಂದಿರುಗಿಸುವುದು ರೂಢಿ. ತುಂಬಿದ ಪಾತ್ರೆಯೇ ವಾಪಸಾದರೆ ಹಸು ಬತ್ತುತ್ತದೆ ಎನ್ನುತ್ತಾರೆ. ಗಂಗಾಂಬಿಕೆಗೆ ಹಾಲಿಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಮದುವೆಯಾಗಿ ಬಂದ ಹೊಸತರಲ್ಲಿ ತಾನೇ ತಲೆ ಬಾಚಿ ಹೂ ಮುಡಿಸಿದ ನಾಗು ಮಾತು ಬಿಟ್ಟಿದ್ದಳು.

3.
ಗಂಗಾಂಬಿಕೆ ನೇರ ಪಕ್ಕದ ಮನೆಗೆ, ಅಂದರೆ ನನ್ನ ಬಳಿಗೆ ಬಂದಳು.

"ಮೂರ್ತಣ್ಣ, ನೀನೂ ಕತೆ ಬರೀತೀಯಲ್ಲ. ಆ ತಂಗೀನ ಒಸಿ ಬದುಕಿಸ್ಬುಡು."

"ಅದು ನನ್ನ ಕತೆ ಅಲ್ವಲ್ಲಮ್ಮ."

"ನಾನಿರೋದು ನಿನ್ನ ಕತೇಲೇ ತಾನೆ? ಇಲ್ಲೇ ಬದುಕಿಸು."

(ಪಾತ್ರಗಳಿಗೆ ಇಷ್ಟು ಬುದ್ಧಿ ಕೊಡಬಾರದು.)

ಅಂತ್ಯ, ಒಂದು: ನಾಗಲಕ್ಷ್ಮಿ ಅಳುತ್ತಾ ಓಡಿಬಂದು ಅಪ್ಪಿಕೊಳ್ಳುತ್ತಾಳೆ. (ಇದೂ ಸೀರಿಯಲ್ಲೇ ಆಯಿತು. ಬೇಡ.)

ಅಂತ್ಯ, ಇನ್ನೊಂದು: ಹಸುವಿನ ಹೆಸರು ಬದಲಾಯಿಸುವುದು. ("ಹೊಸ ಹೆಸ್ರು ಕೂಗಿದ್ರೆ ಅದು ತಿರುಗಿ ನೋಡ್ಬೇಕಲ್ಲಪ್ಪ!" ಗಂಗಾಂಬಿಕೆಯೇ ಹೊಡೆದು ಹಾಕಿದಳು.)

4.
ನನ್ನಿಂದಾಗದ್ದನ್ನು ಅವಳ ಮಗಳು ಕಾವ್ಯಶ್ರೀ ಮಾಡಿದಳು. ಗುಂಡ್ಲುಪೇಟೆಯಲ್ಲಿ ಕಾಲೇಜು ಓದುವ ಹುಡುಗಿ. ಆ ಕಾದಂಬರಿಗಳನ್ನೂ ಇಂಗ್ಲಿಷಿನಲ್ಲಿ ಓದಿದ್ದಾಳೆ. ನಾನೂ ಗಂಗಾಂಬಿಕೆಯೂ ವಾಪಸ್ ಬಂದ ಪಾತ್ರೆಯ ಪಕ್ಕ ಕೂತಿದ್ದ ಅವರ ಮನೆ ಜಗಲಿಯಿಂದಲೇ ಕೂಗಿದಳು:

"ಚಿಕ್ಕಮ್ಮ, ಬುಕ್ಕಲ್ಲಿ ತಂಗಿ ಸತ್ತೇ ಇಲ್ಲ! ಕೊನೇ ಬುಕ್ಕು ಇನ್ನೂ ಬರ್ದಿಲ್ಲ. ಟೀವಿಯೋರೇ ಅವಸರ ಬಿದ್ದು ಸಾಯಿಸ್ಬುಟ್ರು!"

ಎದುರುಬಾಗಿಲು ಅರ್ಧ ತೆರೆಯಿತು.

"ಹಂಗಾರೆ ನಿಜ ಹೇಳಕ್ಕ. ಹಸೂಗೆ ಇಟ್ಟಿದ್ದು ಬುಕ್ಕಿನ ಈಲಾ ಹೆಸ್ರೋ, ಟೀವಿ ಈಲಾ ಹೆಸ್ರೋ?"

'ಬುಕ್ಕಿಂದು' ಎಂದು ನಾನು ಗಂಗಾಂಬಿಕೆಯ ಬಾಯಿಗೆ ಬರೆದೇಬಿಟ್ಟೆ. ಅವಳು ಹೇಳಲಿಲ್ಲ. ಅಕ್ಷರ ದಪ್ಪ ಮಾಡಿ ಮತ್ತೆ ಬರೆದೆ. ತುಟಿ ಬಿಗಿದು ನನ್ನನ್ನೇ ದುರುಗುಟ್ಟಿ ನೋಡಿ, ಆಮೇಲೆ ಆ ಕಡೆ ತಿರುಗಿದಳು.

"ನಂಗೆಲ್ಲಿ ಇಂಗ್ಲಿಷ್ ಬತ್ತದೆ? ಟೀವೀದೇ ಕಣಮ್ಮಿ. ಆಗ ಅವ್ಳು ಒಳ್ಳೆಯೋಳಾಗಿದ್ಲು. ನೀನೂ ಪಕ್ಕದಲ್ಲೇ ಕೂತಿದ್ದೆ."

ಕೆಟ್ಟಿತು ಕಥೆ ಎಂದುಕೊಂಡೆ. ನಾಗಲಕ್ಷ್ಮಿ ಬೀದಿ ದಾಟಿ ಬಂದಳು. ಪಾತ್ರೆಯ ಮುಚ್ಚಳ ತೆಗೆದು, ಬೆರಳಲ್ಲಿ ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಬೆಲ್ಲ ಕಮ್ಮಿ ಆಗ್ಯದೆ."

"ನಿನ್ನ ನಾಲ್ಗೆ ಕೆಟ್ಟದೆ."

"ಏಲಕ್ಕಿನೂ ಇಲ್ಲ. ಅದೇನ್ ಬೇಯಿಸಿದ್ಯೋ!"

ಇದು ರಾಜಿಯೋ, ಹೊಸ ಜಗಳವೋ? ಎರಡನೇ ಚೂರು ಮುರಿದಳೋ ಇಲ್ಲವೋ ಎಂದು ಬರೆಯಲು ಪೆನ್ನು ಎತ್ತಿದೆ. ಅಷ್ಟರಲ್ಲಿ ಗಂಗಾಂಬಿಕೆ, "ನೀನಿನ್ನು ಹೋಗಣ್ಣ, ನಾವು ಮಾತಾಡ್ಕಬೇಕು," ಎಂದು ವಾರಗಿತ್ತಿಯನ್ನೂ ಪಾತ್ರೆಯನ್ನೂ ಒಳಗೆ ಕರೆದುಕೊಂಡು ಹೋಗಿಬಿಟ್ಟಳು.

ಒಳಗಿನಿಂದ ಬೈಗುಳ ಕೇಳಿಸುತ್ತಿದೆ. ಅಥವಾ ನಗು. ಕಿಟಕಿ ಎತ್ತರದಲ್ಲಿದೆ, ಓದುಗರೇ. ನಿಮ್ಮಲ್ಲಿ ಯಾರಾದರೂ ಉದ್ದ ಇದ್ದರೆ ಸ್ವಲ್ಪ ಇಣುಕಿ.