ಹೇಸರಗತ್ತೆ ಮರಿ ಹಾಕಿದ ದಿನ

ಹೇಸರಗತ್ತೆ ಮರಿ ಹಾಕಿದೆಯೆಂಬ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಭಟ್ಟಿಯ ಕೆಲಸವೇ ನಿಂತುಹೋಯಿತು. ಆ ಹೇಸರಗತ್ತೆಯ ಮೇಲೆ ಇಟ್ಟಿಗೆ ಹೇರಿ ಸಾಗಿಸುತ್ತಿದ್ದವನಿಗೆ ಎಲ್ಲರೂ ಗೊಣಗಣ್ಣ ಎನ್ನುತ್ತಿದ್ದರು. ಹೊಟ್ಟೆ ಉಬ್ಬಿದ್ದನ್ನು ಕಂಡು, ಕೊಬ್ಬು ಹೆಚ್ಚಾಯಿತೆಂದು ಮೇವನ್ನು ಅರ್ಧಕ್ಕಿಳಿಸಿದ್ದ ಮಹಾನುಭಾವ ಅವನು. ಹೇಸರಗತ್ತೆಗೆ ಗಬ್ಬ ನಿಲ್ಲುತ್ತದೆಂದು ಯಾರು ತಾನೇ ಕನಸು ಕಂಡಾರು? ಈಗ ಲಾಯದ ಮೂಲೆಯಲ್ಲಿ ಒದ್ದೆ ಮರಿಯನ್ನು ನೋಡುತ್ತ ನಿಂತವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ಆಗಬಾರದ್ದು ಆಗಿದೆ, ಇದು ಅಪಶಕುನ," ಎಂದ ಭಟ್ಟಿಯ ಮೇಸ್ತ್ರಿ. ಅವನ ಕೈಯಲ್ಲಿ ಹಾರೆಯಿತ್ತು. "ನಾಳೆ ಭಟ್ಟಿ ಕುಸಿದು ಯಾರಾದ್ರೂ ಸತ್ತರೆ? ಇದನ್ನ ಈಗಲೇ ಮುಗಿಸಿಬಿಡೋಣ."

ಗೊಣಗಣ್ಣನಿಗೂ ಹೆದರಿಕೆಯೇ, ಸುಳ್ಳೇಕೆ? ಆದರೆ ಆ ಬಡಕಲು ಮೂತಿ ಕಂಡು ಕರುಳು ಚುರ್ರೆಂದಿತ್ತು. ದನದ ಡಾಕ್ಟರಮ್ಮನಿಗೆ ಹೇಳಿಕಳುಹಿಸಿದ್ದವನು ಅವನೇ. ಆಕೆ ಬಂದು ಮರಿಯ ಮೈ ಸವರಿ ನೋಡಿದಳು.

"ಹೆದರಬೇಡಿ. ಮೈಯ ಒಂದೊಂದು ಜೀವಕೋಶದೊಳಗೂ ದಾರದ ತುಂಡಿನಂಥ ಕ್ರೋಮೋಸೋಮ್ ಇರ್ತವೆ. ಕುದುರೆಗೂ ಕತ್ತೆಗೂ ಮೂಲ ಒಂದೇ. ಲಕ್ಷಾಂತರ ವರ್ಷದಲ್ಲಿ ಆ ತುಂಡುಗಳು ಮುರಿದು, ಬೇರೆ ಬೇರೆ ಥರ ಕೂಡಿಕೊಂಡು, ಕುದುರೆಗೆ ಅರವತ್ನಾಲ್ಕಾಯ್ತು, ಕತ್ತೆಗೆ ಅರವತ್ತೆರಡು. ಅಣ್ಣತಮ್ಮ ಬೇರೆ ಮನೆ ಮಾಡಿದ ಹಾಗೆ. ಅವೆರಡಕ್ಕೆ ಹುಟ್ಟಿದ ಹೇಸರಗತ್ತೆಗೆ ಅರವತ್ಮೂರು. ಜೋಡಿ ಸರಿಯಾಗಿ ಕೂಡಲ್ಲ, ಅದಕ್ಕೇ ಮರಿ ಆಗಲ್ಲ. ಎಲ್ಲೋ ಅಪರೂಪಕ್ಕೆ ಒಂದು ಹೀಗೂ ಆಗುತ್ತೆ."

"ಹಾಗಾದ್ರೆ ಇದು ಕುದುರೇನೋ ಕತ್ತೇನೋ?" ಮೇಸ್ತ್ರಿ ಕೇಳಿದ.

"ರಕ್ತ ಪರೀಕ್ಷೆ ಮಾಡದೆ ಹೇಳಕ್ಕಾಗಲ್ಲ. ಆ ತುಂಡುಗಳ ಲೆಕ್ಕ ಹೀಗೆ ಬದಲಾಗ್ತಾ ಹೋಗಿ, ಹಳೇ ಬಳಗದ ಜೊತೆ ಕೂಡದೇ ಹೋದಾಗಲೂ ಹೊಸ ಪ್ರಾಣಿಜಾತಿ ಹುಟ್ಟೋದುಂಟು."

ಸಮಾಧಾನಕ್ಕೆಂದು ಆಡಿದ ಮಾತು ಬೆಂಕಿಗೆ ತುಪ್ಪ ಸುರಿದಂತಾಯಿತು. ಹೊಸ ಜಾತಿಯಂತೆ! ನಮ್ಮ ಲಾಯದಲ್ಲಂತೆ! ಜನ ದಡಬಡ ಹಿಂದೆ ಸರಿದರು. ಡಾಕ್ಟರಮ್ಮ ಬೇಡ ಬೇಡ ಎನ್ನುತ್ತಿದ್ದಂತೆಯೇ ಮೇಸ್ತ್ರಿ ಹಾರೆ ಎತ್ತಿದ.

ಗೊಣಗಣ್ಣ ನಡುವೆ ನುಗ್ಗಿದ. ನುಗ್ಗಿದವನು ಮರಿಯ ಪಕ್ಕದಲ್ಲೇ ದೊಪ್ಪನೆ ಕುಸಿದು, ಅದರ ಕುತ್ತಿಗೆ ತಬ್ಬಿಕೊಂಡ. ಅಂಗೈಯಡಿ ಅದರ ನಾಡಿ ಅವನದಕ್ಕಿಂತಲೂ ಜೋರಾಗಿ ಓಡುತ್ತಿತ್ತು. ಪಾಪ, ಅಲ್ಲಿದ್ದವರೆಲ್ಲರಿಗಿಂತ ಹೆಚ್ಚು ಹೆದರಿದ್ದು ಅದೇ.

"ಏಳೋ ಮೇಲೆ!" ಮೇಸ್ತ್ರಿ ಅರಚಿದ. "ನಿನ್ನ ತಲೆಗೂ ಬೀಳುತ್ತೆ!"

ಗೊಣಗಣ್ಣ ಕಣ್ಣು ಮುಚ್ಚಿಕೊಂಡ. ಏಳಲಿಲ್ಲ. ಮೇಸ್ತ್ರಿ ಹಾರೆಯನ್ನು ಮೆಲ್ಲಗೆ ಕೆಳಗಿಳಿಸಿದ. ಅಬ್ಬಾ, ಎಂಥ ಗಂಡೆದೆ ಎಂದು ಯಾರೋ ಅಂದರು. ಒಬ್ಬೊಬ್ಬರಾಗಿ ಎಲ್ಲರೂ ಹೊರನಡೆದರು.

ಡಾಕ್ಟರಮ್ಮ ಕೈ ಚಾಚಿದಳು. "ಅವರೆಲ್ಲ ಹೋದರಣ್ಣ. ಏಳು ಇನ್ನು."

"ಆಗಲೇ ಏಳಬೇಕು ಅಂತಿದ್ದೆ ಕಣಮ್ಮಾ," ಎಂದ ಅವನು ಅಳುತ್ತ. "ಕಾಲೇ ಬರಲಿಲ್ಲ."