ಗೋಡೆಯ ಮೇಲಿನ ಷರಾ

"ಮೂವತ್ತು ವರ್ಷ ಹೊಳೆ ನೀರು ಅಳೆದ ಮನುಷ್ಯ ತನ್ನ ಮನೆ ವಿಮೆ ಕಂತು ಕಟ್ಟೋದು ಮರೆತ ಅಂದ್ರೆ ಏನು ಹೇಳೋದು ಮಾರಾಯ," ಎಂದರು ಸತ್ತವರ ಜೊತೆ ಕೆಲಸ ಮಾಡಿದ್ದ ಷಣ್ಮುಖಪ್ಪ, ಚಟ್ಟದ ಬಿದಿರಿಗೆ ಹುರಿ ಬಿಗಿಯುತ್ತಾ. "ಶಶಿಧರ್, ಆ ತುದಿ ಹಿಡ್ಕೊಳ್ಳಿ. ಸಡಿಲ ಬಿಡಬೇಡಿ."

ಶಶಿಧರ ಹಿಡಿದುಕೊಂಡ. ವೆರಾಂಡದಲ್ಲಿ ಅವನ ಮಾವ ಶೇಷಪ್ಪ ದಕ್ಷಿಣಕ್ಕೆ ತಲೆ ಹಾಕಿ ಮಲಗಿದ್ದರು. ತಲೆಯ ಹತ್ತಿರ ದೀಪ, ಕಾಲ ಹತ್ತಿರ ಹೆಂಡತಿ ಸಣ್ಣಮ್ಮ. ನಿನ್ನೆ ಸಂಜೆ ಕಾಫಿ ಲೋಟ ಕೆಳಗಿಟ್ಟು, "ಯಾಕೋ ಎದೆ ಹಿಡಿದಂಗಾಗ್ತಿದೆ ಕಣೇ," ಎಂದು ಇದೇ ಗೋಡೆಗೆ ಒರಗಿದವರು ಒರಗಿದ ಹಾಗೆಯೇ ಹೋಗಿಬಿಟ್ಟಿದ್ದರು. ಎಪ್ಪತ್ತೊಂದು ವರ್ಷ. ಲೋಟದಲ್ಲಿ ಅರ್ಧ ಕಾಫಿ ಹಾಗೇ ಉಳಿದಿತ್ತು.

"ಕಂತು ಕಟ್ಟಿದ್ರೆ ಮನೆ ಅವತ್ತೇ ಎದ್ದು ನಿಲ್ತಿತ್ತು," ಎಂದರು ಎದುರುಮನೆಯ ಪುಟ್ಟಯ್ಯ. "ಎದೆ ಮಟ್ಟ ನೀರು ನಿಂತಿತ್ತು ಸ್ವಾಮಿ ಈ ಬೀದೀಲಿ. ನೀರು ಇಳಿದ ಮೇಲೆ ಇವರ ಮನೇಲಿ ನೆಟ್ಟಗಿದ್ದಿದ್ದು ಒಂದು ಒರಳುಕಲ್ಲು. ಅಳಿಯ ವಿಮೆ ಆಫೀಸಲ್ಲೇ ಇದ್ದೂ ಏನು ಬಂತು, ಹೇಳಿ."

"ಅದನ್ನೇ ನಾನೂ ಹೇಳೋದು. ಪಂಪ್‌ಹೌಸಲ್ಲಿ ಒಂದು ಗಂಟೆಯ ಅಳತೆ ತಪ್ಪಿಸಿದವನಲ್ಲ. ವಯಸ್ಸಾಯ್ತು, ತಲೆ ಕೈಕೊಡ್ತು," ಎಂದರು ಷಣ್ಮುಖಪ್ಪ.

ಸಣ್ಣಮ್ಮ ತಲೆ ಎತ್ತಲಿಲ್ಲ. ಗಂಡನ ಪಾದದ ಮೇಲಿನ ಬಟ್ಟೆ ಸರಿಮಾಡುತ್ತಾ, ಯಾರಿಗೂ ಅಲ್ಲ ಎಂಬಂತೆ ಹೇಳಿದರು: "ಆ ಒಂದು ಮರೆವಿಗೆ ನಾನು ಎಷ್ಟು ಅಂದುಬಿಟ್ಟೆ. ಒಂದು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ. ತಟ್ಟೆ ಇಟ್ಟು ಎದ್ದು ಹೋಗ್ತಿದ್ದೆ."

ಶಶಿಧರನ ಕೈಯಿಂದ ಹುರಿ ಜಾರಿತು.

* * *

ಶೇಷಪ್ಪನವರ ಕೆಲಸವೆಂದರೆ ಭದ್ರಾವತಿಯ ಕಾಗದ ಕಾರ್ಖಾನೆಗೆ ಹೊಳೆಯಿಂದ ನೀರೆತ್ತುವ ಪಂಪ್‌ಹೌಸಿನಲ್ಲಿ ಕೂತು, ಗಂಟೆಗೊಮ್ಮೆ ಅಳತೆಗಂಬ ನೋಡಿ ಪುಸ್ತಕದಲ್ಲಿ ಬರೆಯುವುದು. ತಾರೀಖು, ಗಂಟೆ, ಮಟ್ಟ, ಕೊನೆಗೆ ಷರಾ. ಷರಾದ ಮನೆ ಖಾಲಿ ಬಿಟ್ಟವರಲ್ಲ. "ಅಳತೆ ಯಾರು ಬೇಕಾದ್ರೂ ಬರೀತಾರೆ ಅಳಿಯಂದ್ರೇ, ನಿಜ ಇರೋದು ಷರಾದಲ್ಲಿ," ಎನ್ನುತ್ತಿದ್ದರು. ನಿವೃತ್ತಿಯಾಗಿ, ಕಾಗದನಗರದ ಕ್ವಾರ್ಟರ್ಸ್ ಬಿಟ್ಟು, ಶಿವಮೊಗ್ಗದಲ್ಲಿ ಗೋಪಾಳ ಬಡಾವಣೆಯ ಆಚೆ ತಗ್ಗಿನ ಬೀದಿಯೊಂದರಲ್ಲಿ ಮನೆ ಕೊಂಡರು. ಮೊದಲ ಮಳೆಗಾಲಕ್ಕೇ ವೆರಾಂಡದೊಳಗೆ ನೀರು ಬಂತು. ಮರುದಿನ ಕೆಂಪು ಪೇಂಟಿನ ಡಬ್ಬಿ ತಂದು ಗೋಡೆಗೆ ಗೆರೆ ಎಳೆದು, ಪಕ್ಕದಲ್ಲಿ ತಾರೀಖು, ಇಂಚು, ಷರಾ ಎಲ್ಲ ಬರೆದರು. ಎರಡನೆಯ ವರ್ಷ ಇನ್ನೊಂದು ಗೆರೆ.

ಆಮೇಲೆ ಬಂದ ಮಾರ್ಚಿನಲ್ಲಿ ಶಶಿಧರ ಮನೆ ವಿಮೆಯ ಫಾರಂ ಹಿಡಿದು ಬಂದ. ವರ್ಷದ ಟಾರ್ಗೆಟ್ಟಿಗೆ ಇನ್ನು ಎರಡೇ ದಿನ ಇತ್ತು.

"ಹೊಳೆ ಇಲ್ಲಿಂದ ಎರಡು ಕಿಲೋಮೀಟರ್ ಮಾವ. ಶಿವಮೊಗ್ಗಕ್ಕೇನು ಸಮುದ್ರ ಇದೆಯಾ?"

"ಹೊಳೆ ಬಂದು ಕದ ತಟ್ಟಬೇಕಾಗಿಲ್ಲ ಅಳಿಯಂದ್ರೇ. ತುಂಗೆ ತುಂಬಿದ ದಿನ ರಾಜಕಾಲುವೆ ನೀರು ಹೊಳೆಗೆ ಇಳಿಯಲ್ಲ. ಹಿಂದಕ್ಕೆ ತಿರುಗುತ್ತೆ. ತಗ್ಗು ಎಲ್ಲಿದೆ ಅಂತ ಹುಡುಕುತ್ತೆ. ಆ ತಗ್ಗು ನಮ್ಮನೆ. ಇದನ್ನೆಲ್ಲ ಫಾರಂನಲ್ಲಿ ಕೇಳಲ್ವಾ?"

ಕೇಳಿತ್ತು. ಹನ್ನೊಂದನೆಯ ಪ್ರಶ್ನೆ: ಈ ಕಟ್ಟಡಕ್ಕೆ ಹಿಂದೆ ಎಂದಾದರೂ ನೀರು ನುಗ್ಗಿದೆಯೇ? ಹೌದು ಎಂದರೆ ಫೈಲು ಬೆಂಗಳೂರಿಗೆ ಹೋಗುತ್ತದೆ, ಇಂಜಿನಿಯರ್ ಬರುತ್ತಾನೆ, ಒಂದು ತಿಂಗಳು ಹಿಡಿಯುತ್ತದೆ. ಶಶಿಧರ 'ಇಲ್ಲ' ಎಂದು ಗುರುತು ಹಾಕಿದ.

"ಎರಡೂ ಗೆರೆ ಬರೆದ್ರಾ?"

"ಬರೆದೆ ಮಾವ."

ಶೇಷಪ್ಪ ಕನ್ನಡಕ ಹಾಕಿಕೊಳ್ಳದೆ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.

* * *

"ಅವರು ಮರೆತಿರಲಿಲ್ಲ," ಎಂದ ಶಶಿಧರ. ಜಾರಿದ ಹುರಿಯನ್ನು ಎತ್ತಿಕೊಳ್ಳಲಿಲ್ಲ. "ಕಂತು ಕಟ್ಟಿದ್ರು. ಫಾರಂನಲ್ಲಿ ಸುಳ್ಳು ಬರೆದಿದ್ದು ನಾನು. ಅದಕ್ಕೇ ದುಡ್ಡು ಬರಲಿಲ್ಲ."

ಪುಟ್ಟಯ್ಯ ಬಂದು ಅವನ ಭುಜ ತಟ್ಟಿದರು.

"ದೊಡ್ಡ ಮನಸ್ಸು ಕಣಪ್ಪ ನಿಂದು. ಸತ್ತವರ ಮೇಲೆ ಮಾತು ಬರಬಾರದು ಅಂತ ತನ್ನ ಮೇಲೆ ಹಾಕ್ಕೋತಾನೆ, ನೋಡಿ. ಮಗ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ."

"ಇಲ್ಲ, ನಿಜವಾಗ್ಲೂ..."

"ಬೇಡ ಬಿಡಿ," ಎಂದರು ಸಣ್ಣಮ್ಮ. ಬೆಳಗಿನಿಂದ ಮೊದಲ ಬಾರಿಗೆ ಅವನ ಮುಖ ನೋಡಿದರು. ಆ ನೋಟದಲ್ಲಿ ಮಮತೆಯೇ ಇತ್ತು. "ಅವರೇ ನನ್ನ ಮುಂದೆ ಕೂತು ಹೇಳಿದ್ದಾರೆ, ನಾನೇ ಮರೆತೆ ಅಂತ. ನೀವ್ಯಾಕೆ ಕೆಟ್ಟೋರಾಗ್ತೀರ?"

ಹೇಳಿದ್ದೇನೋ ಹೇಳಿದ್ದಾಯಿತು. ಆದರೆ ಹೇಳುವ ಮೊದಲು ಕಳ್ಳನಾಗಿದ್ದವನು ಈಗ ಪುಣ್ಯವಂತನೂ ಆಗಿಬಿಟ್ಟಿದ್ದ. ಚಟ್ಟ ಎತ್ತುವಾಗ ಮುಂದಿನ ಬಲಗಡೆಯ ಹೆಗಲು ಅವನಿಗೇ ಬಿಟ್ಟುಕೊಟ್ಟರು.

* * *

ಮೂರನೆಯ ಸಲದ ನೀರು ಇಳಿದ ವಾರಕ್ಕೆ ಸರ್ವೇಯರ್ ಬಂದಿದ್ದ. ಮನೆ ಒಣಗುವವರೆಗೆ ಸಣ್ಣಮ್ಮ ಮಗಳ ಮನೆಯಲ್ಲಿದ್ದರು. ಶೇಷಪ್ಪನವರಿಗೆ ಹಬ್ಬ. ಟಾರ್ಚು ಹಿಡಿದು, ಕೆಸರು ಒರೆಸಿ, ಹಳೆಯ ಎರಡು ಗೆರೆ ತೋರಿಸಿದರು. "ನೋಡಿ ಸಾರ್, ಏಳು ಇಂಚು. ಇದು ಒಂದು ಅಡಿ ಎರಡು ಇಂಚು. ತಾರೀಖು ಸಮೇತ ಇದೆ." ಸರ್ವೇಯರ್ ಫೋಟೋ ತೆಗೆದುಕೊಂಡ. ತಿಂಗಳ ನಂತರ ಕಾಗದ ಬಂತು. ಹಿಂದಿನ ಪ್ರವಾಹದ ಸಂಗತಿ ಮುಚ್ಚಿಟ್ಟ ಕಾರಣ ಪರಿಹಾರ ಕೊಡಲಾಗದು.

ಶಶಿಧರ ಆಫೀಸಿನಿಂದ ನೇರ ಬಂದು ಕೂಗಾಡಿದ್ದ. "ಯಾರು ಹೇಳಿದ್ರು ನಿಮಗೆ ತೋರಿಸೋಕೆ? ಸುಮ್ಮನೆ ಇರೋಕಾಗಲ್ವಾ?"

"ನೀವು ಬರೆದಿದ್ದೀನಿ ಅಂದ್ರಲ್ಲ," ಎಂದರು ಶೇಷಪ್ಪ.

ಅಷ್ಟೇ. ದನಿ ಏರಿಸಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಇದು ಹೊರಗೆ ಬಂದ್ರೆ ನಿಮ್ಮ ಕೆಲಸ ಉಳಿಯುತ್ತಾ?" ಎಂದು ಕೇಳಿದರು. "ನಾನೇ ಕಂತು ಮರೆತೆ ಅಂತೀನಿ. ಮುದುಕರು ಮರೀತಾರೆ, ಯಾರೂ ತಪ್ಪು ತಿಳಿಯಲ್ಲ."

ಹೋಗುವಾಗ ಶಶಿಧರ ಗೋಡೆಯ ಕಡೆ ಕೈ ತೋರಿಸಿ, "ಮೊದಲು ಅದಕ್ಕೆ ಸುಣ್ಣ ಹೊಡೆಸಿ," ಎಂದಿದ್ದ. ಮುಂದಿನ ಭಾನುವಾರ ಬಂದಾಗ ಗೋಡೆ ಬೆಳ್ಳಗಿತ್ತು. ಆಳು ಕರೆದಿರಲಿಲ್ಲ. ಶೇಷಪ್ಪನವರ ಉಗುರ ಸಂದಿಯಲ್ಲಿ ಸುಣ್ಣ ಕೂತಿತ್ತು.

* * *

ಅವರ ಆಸೆಯಂತೆ ದೇಹವನ್ನು ಭದ್ರಾವತಿಗೆ, ಹೊಳೆಯ ದಂಡೆಗೇ ಒಯ್ದರು. ಅವರ ತಮ್ಮನ ಮಗ ಚಂದ್ರು ಕೊಳ್ಳಿ ಇಟ್ಟ. ಅಲ್ಲಿಂದ ಹಳೆಯ ಪಂಪ್‌ಹೌಸ್ ಕಾಣುತ್ತಿತ್ತು, ಬಾಗಿಲಿಗೆ ಬೀಗ. ಅಳತೆಗಂಬ ಮಾತ್ರ ನೀರಲ್ಲಿ ನೆಟ್ಟಗೆ ನಿಂತಿತ್ತು, ಓದುವವರಿಲ್ಲದೆ.

ಉಳಿದವರು ವ್ಯಾನಿನಲ್ಲಿ ಬರುವವರಿದ್ದರು. ಶಶಿಧರ ಬೈಕಿನಲ್ಲಿ ಮೊದಲೇ ಹೊರಟ. ದೀಪ ನೋಡದೆ ಯಾರೂ ಅವರವರ ಮನೆಗೆ ಹೋಗುವಂತಿಲ್ಲ, ಎಲ್ಲರೂ ಶೇಷಪ್ಪನವರ ಮನೆಗೇ ಬರಬೇಕು.

ಮನೆ ಇನ್ನೂ ತೊಳೆದಾಗಿರಲಿಲ್ಲ. ಬೆಳಗಿನಿಂದ ಕರೆಂಟಿಲ್ಲದೆ ಮೋಟಾರ್ ಓಡದೆ, ಟ್ಯಾಂಕು ಬರಿದಾಗಿತ್ತಂತೆ; ನಲ್ಲಿಗೆ ನೀರು ಬಂದದ್ದು ಈಗ. ಅವನ ಹೆಂಡತಿ ವೀಣಾ ಸೆರಗು ಸಿಕ್ಕಿಸಿಕೊಂಡು ಈಗಷ್ಟೇ ಮೊದಲ ಬಿಂದಿಗೆ ಸುರಿಯುತ್ತಿದ್ದಳು. ನೀರು ನೆಲಕ್ಕೆ ಬಿದ್ದು ಗೋಡೆಯ ಬುಡಕ್ಕೆ ಹಾರಿತು. ಹಾರಿದ ಕಡೆ ಸುಣ್ಣ ನೆನೆದು ತನ್ನ ಬಿಳಿಯನ್ನು ಬಿಟ್ಟುಕೊಟ್ಟಿತು. ಒಳಗಿನಿಂದ ಕೆಂಪಗೆ ಒಂದು ಗೆರೆ. ಅದರ ಮೇಲೆ ಇನ್ನೊಂದು. ಷರಾ: ಚರಂಡಿ ನೀರು. ಷರಾ: ರಾಜಕಾಲುವೆ ಹಿಮ್ಮುಖ.

ಶಶಿಧರ ಅವಳ ಕೈಯಿಂದ ಎರಡನೆಯ ಬಿಂದಿಗೆ ತೆಗೆದುಕೊಂಡು ಗೋಡೆಯ ಮೇಲಕ್ಕೇ ಎರಚಿದ.

"ಅಯ್ಯೋ, ಗೋಡೆಗೆ ಯಾಕ್ರೀ? ನೆಲ ತೊಳೆದ್ರೆ ಸಾಕು."

ಅವನಿಗೆ ಕೇಳಿಸಲಿಲ್ಲ. ತನ್ನ ಎದೆಯ ಮಟ್ಟದಲ್ಲಿ ಮೂರನೆಯ ಗೆರೆ ಎದ್ದಿತ್ತು. ಯಾರೂ ನೋಡಿರದ ಗೆರೆ. ಬರೆದು, ಬರೆದ ಕೈಯಿಂದಲೇ ಸುಣ್ಣ ಬಳಿದದ್ದು. ಪಂಪ್‌ಹೌಸಿನ ಪುಸ್ತಕದ ಅದೇ ದುಂಡು ಅಕ್ಷರ: ೪ ಅಡಿ ೧ ಇಂಚು. ಷರಾ: ಕಂತು ಕಟ್ಟಿದೆ.

ವೀಣಾಳೂ ಓದಿದಳು. ಗಂಡನ ಕಡೆ ತಿರುಗಿದಳು. "ಬೆಳಗ್ಗೆ ನೀವು ಹೇಳಿದ್ದು..."

"ಒಳಗಿಂದ ಅತ್ತೇನ ಕರಿ," ಎಂದ ಅವನು. "ಬೇಗ ಕರಿ."

ಬೀದಿಯ ತಿರುವಿನಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಗೋಡೆಯ ಅಂಚಿನಿಂದ ಸುಣ್ಣ ಆಗಲೇ ಒಣಗಿ ಬೆಳ್ಳಗಾಗುತ್ತಾ, ಗೆರೆಯ ತುದಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಶಶಿಧರ ಬಿಂದಿಗೆ ಎತ್ತಿಕೊಂಡು ನಲ್ಲಿಯ ಹತ್ತಿರ ಓಡಿದ.